ಅಳಿವೆಯ ಹನ್ನೊಂದು ದೋಣಿಗಳು

ಕಳೆದ ಭಾನುವಾರ ಅಟ್ಟದ ಮೇಲಿನ ಡೇರೆಯನ್ನು ಇಳಿಸಿ ಅಂಗಳದ ಬಿಸಿಲಿಗೆ ಹಾಕಿದೆವು. ಬಟ್ಟೆಗೆ ಇಲಿ ಎರಡು ಕಡೆ ಬಾಯಿ ಹಾಕಿತ್ತು. ಕಬ್ಬಿಣದ ಗೂಟಗಳು ಎಂಟರಲ್ಲಿ ಏಳು ಇದ್ದವು. ಕಟ್ಟುವ ಹಗ್ಗ ನಾಲ್ಕು. ಮೂರು ಅಂಗಡಿಯವು, ಒಂದು ಮಾತ್ರ ಹೆಬ್ಬೆರಳು ದಪ್ಪದ, ಕಪ್ಪು ಹಿಡಿದ ಹಗ್ಗ. ಅದರ ಗಂಟು ಬಿಚ್ಚುತ್ತಿದ್ದಂತೆ ಗೇರೆಣ್ಣೆಯ ವಾಸನೆ ಬಂತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ಕರಾವಳಿಯವರು ಹುಳ ಹಿಡಿಯದಿರಲೆಂದು ಮರದ ದೋಣಿಗೆ ಬಳಿಯುತ್ತಾರೆ. ಮುದ್ದೇಬಿಹಾಳದಾಚೆಯ ನಮ್ಮ ಜೋಳದ ಸೀಮೆಯಲ್ಲಿ ಆ ವಾಸನೆ ಬರುವುದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ನಾನು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಎರಡು ವರ್ಷದ ಹಿಂದಿನ ಡೈರಿ ತೆಗೆದೆ.

ನಾನು ಕಾಲುವೆಯ ಮೇಲೆ ಕೆಲಸ ಮಾಡುವವಳು. ತೂಬಿನ ಪಕ್ಕದ ಗೋಡೆಗೆ ಬಳಿದ ಅಳತೆಪಟ್ಟಿಯಲ್ಲಿ ನೀರು ಎಷ್ಟಿದೆ ಎಂದು ದಿನಕ್ಕೆ ಮೂರು ಸಲ ನೋಡಿ ಬರೆಯಬೇಕು. ಬರೆಯುವ ಚಟ ಮಾತ್ರ ಕೆಲಸಕ್ಕಿಂತ ಹಳೆಯದು. ಎಂಟನೇ ತರಗತಿಯಿಂದ ಒಂದು ದಿನವೂ ಬಿಡದೆ ಬರೆದಿದ್ದೇನೆ: ಎದ್ದ ಹೊತ್ತು, ಬಿಸಿಲು, ಮಳೆ, ಯಾರು ಬಂದರು, ಎಷ್ಟು ರೊಟ್ಟಿ. ಆ ವರ್ಷ ನನ್ನ ಗುತ್ತಿಗೆ ಮುಗಿದು ಹೊಸ ಆದೇಶ ಬರುವುದರೊಳಗೆ ಮೂರು ವಾರ ಖಾಲಿ ಸಿಕ್ಕಿತು. ಅಣ್ಣ ಮಲ್ಲಣ್ಣ ತನ್ನ ಸಣ್ಣ ಸರಕು ಗಾಡಿಯಲ್ಲಿ ಈರುಳ್ಳಿ ಸಾಗಿಸುತ್ತಾನೆ. ಇಬ್ಬರೂ ಕಡಲು ನೋಡಿರಲಿಲ್ಲ. ಗಾಡಿಯ ಹಿಂದುಗಡೆ ಡೇರೆ, ಸ್ಟವ್, ಎರಡು ಕೊಡ ನೀರು, ಒಂದು ಚೀಲ ಜೋಳದ ಹಿಟ್ಟು ಹೇರಿಕೊಂಡು ದಕ್ಷಿಣಕ್ಕೆ ಹೊರಟೆವು. ನಾನು ಹನ್ನೆರಡು ದಿನಗಳ ಪಟ್ಟಿ ಹಾಕಿದ್ದೆ: ಊರು, ದೂರ, ಎಲ್ಲಿ ಮಲಗುವುದು, ಎಲ್ಲಿ ನೀರು ತುಂಬಿಸುವುದು. ಗಂಗೊಳ್ಳಿ ಬಂದರಿಗೆ ಒಂದೇ ರಾತ್ರಿ ಕೊಟ್ಟಿದ್ದೆ. ಅಲ್ಲಿಂದ ಕೋಟೇಶ್ವರ, ಕುಂಭಾಶಿ, ಬ್ರಹ್ಮಾವರ. ಈಗ ತೆಗೆದು ನೋಡಿದರೆ ಗಂಗೊಳ್ಳಿಯ ಎದುರು ನಾಲ್ಕು ರಾತ್ರಿ ಎಂದಿದೆ. ಕೋಟೇಶ್ವರದಿಂದ ಕೆಳಗಿನ ಸಾಲುಗಳೆಲ್ಲ ಹಾಗೇ ಖಾಲಿ.

ಹಾವೇರಿ, ಸಾಗರ, ಹೊಸನಗರ ದಾಟಿ ನಾಲ್ಕನೇ ದಿನ ಕೊಲ್ಲೂರಿನ ಘಟ್ಟ ಇಳಿದೆವು. ದಾರಿಯಲ್ಲಿ ಸಿಕ್ಕ ಪ್ರತಿ ನೀರಿಗೂ ನನ್ನ ಡೈರಿಯಲ್ಲಿ ಒಂದು ಸಾಲು ಇತ್ತು, ಸಾಲಿನ ಕೊನೆಗೆ ‘ಅಗಲ’ ಎಂಬ ಅಂಕಣ. ತುಂಗಭದ್ರೆಗೆ ಬರೆದೆ, ವರದೆಗೆ ಬರೆದೆ, ಶರಾವತಿಯ ಹಿನ್ನೀರಿಗೆ ಅಂದಾಜಿನಲ್ಲಿ ಬರೆದೆ. ಬೈಂದೂರಿನಲ್ಲಿ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬರುತ್ತಿದ್ದವರು ಮಧ್ಯಾಹ್ನ ಮೂರು ಹತ್ತಕ್ಕೆ ಮರವಂತೆಗೆ ಬಂದೆವು. ಅಲ್ಲಿ ರಸ್ತೆಯ ಎಡಕ್ಕೆ ನದಿ ಕದಲದೆ ನಿಂತಂತಿದೆ, ಬಲಕ್ಕೆ ಕಡಲು. ಮಲ್ಲಣ್ಣ ಗಾಡಿ ನಿಲ್ಲಿಸಿ ಇಳಿದ. ಚಪ್ಪಲಿ ಬಿಟ್ಟ, ಯಾಕೆ ಬಿಟ್ಟನೋ ಅವನಿಗೂ ಗೊತ್ತಿರಲಿಲ್ಲ. ಮರಳಿನವರೆಗೆ ನಡೆದು, ‘ಇದಕ್ಕ ಆಕಡೆ ದಂಡೀನ ಇಲ್ಲೇನವಾ?’ ಎಂದ. ನಾನು ‘ಅಗಲ’ದ ಅಂಕಣದ ಮೇಲೆ ಪೆನ್ನು ಹಿಡಿದು ನಿಂತಿದ್ದೆ. ಗಾಳಿಗೆ ಹಾಳೆ ಬಡಿದುಕೊಳ್ಳುತ್ತಿತ್ತು. ಏನೂ ಬರೆಯದೆ ಮುಚ್ಚಿದೆ.

ತ್ರಾಸಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ರಸ್ತೆ ಗಂಗೊಳ್ಳಿಯ ಬಂದರಿನಲ್ಲಿ ಮುಗಿಯುತ್ತದೆ. ಮುಂದೆ ಹೋಗಲು ನೆಲವಿಲ್ಲ. ನದಿಯ ಆಚೆ ಕುಂದಾಪುರದ ತೆಂಗಿನ ತಲೆಗಳು ಕಣ್ಣೆದುರಿಗೇ ಕಾಣುತ್ತವೆ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಬಂದ ದಾರಿಗೆ ಹಿಂತಿರುಗಿ ಸುತ್ತು ಹೊಡೆಯಬೇಕು. ಐಸು, ಡೀಸೆಲ್ಲು, ಬಂಗುಡೆ ಮೀನು, ಒದ್ದೆ ಬಲೆ ಎಲ್ಲ ಸೇರಿದ ಒಂದು ವಾಸನೆ ನಮ್ಮನ್ನು ಎದುರುಗೊಂಡಿತು. ಬಂದರು ದಾಟಿ, ನದಿ ಕಡಲಿಗೆ ಬೀಳುವ ಕಡೆ, ಗಾಳಿಮರಗಳ ಕೆಳಗೆ ಒಂದಿಷ್ಟು ಮರಳು ನೆಲ ಕಂಡಿತು. ಪಕ್ಕದ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಮೀನು ಒಣಗಿಸುತ್ತಿದ್ದರು. ಅರವತ್ತರ ಹತ್ತಿರದವರು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು, ಕಂಕುಳಲ್ಲಿ ಗಂಡಸರ ದೊಡ್ಡ ಕಪ್ಪು ಕೊಡೆ. ಅವರ ಹೆಸರು ಮುತ್ತಕ್ಕ. ಬೆಳಗಿನ ಬಸ್ಸಿನಲ್ಲಿ ವಂಡ್ಸೆ ಕಡೆಗೆ ಮೀನು ಒಯ್ದು ಮಾರಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರು.

‘ಹ್ವಾಯ್, ಊರ್ ಎಲ್ಲಾಯ್ತ್?’ ಎಂದು ಕೇಳಿದರು. ಮಲ್ಲಣ್ಣ ಹೇಳಿದ. ಅಲ್ಲಿ ಕಡಲಿಲ್ಲವೇ ಎಂದರು. ಕಾಲುವಿ ಐತ್ರಿ ಅಂದ. ಮುತ್ತಕ್ಕ ಅವನನ್ನು ಕನಿಕರದಿಂದ ನೋಡಿ ಜಾಗ ತೋರಿಸಿದರು, ಬಾವಿ ತೋರಿಸಿದರು, ನನಗೆ ಬಚ್ಚಲು ತೋರಿಸಿದರು. ಡೇರೆ ಎದ್ದು ನಿಂತ ಮೇಲೆ ಅದನ್ನು ಒಂದು ಸುತ್ತು ಹಾಕಿ, ‘ಊರಂಗೆ ಮನಿ ಇತ್ತ್ ಅಂತ್ರಿ. ಮತ್ತೆ ಇದ್ರೊಳ್ಗೆ ಮನಿಕಂಬುದ್ ಎಂತಕೆ?’ ಎಂದರು. ಮಲ್ಲಣ್ಣ ನಕ್ಕು, ಮಲಗುವ ಹಾಸಿಗೆಯನ್ನು ಡೇರೆಯೊಳಗೆ ಹಾಕಿದ. ಸಂಜೆಯ ಗಾಳಿಗೇ ಡೇರೆಯ ಒಂದು ಹಗ್ಗ ಕಿತ್ತುಹೋಯಿತು. ಅಂಗಳದಲ್ಲಿ ಮಗುಚಿ ಹಾಕಿದ್ದ ಹಳೆಯ ಮರದ ದೋಣಿಯಿಂದ ಒಂದು ತುಂಡು ಹಗ್ಗ ಕೊಯ್ದು ಅವರೇ ಕಟ್ಟಿಕೊಟ್ಟರು. ಈಗ ನನ್ನ ಕೈಯಲ್ಲಿರುವುದು ಅದೇ.

ಕರಾವಳಿಯವರ ಸೋಣೆ ತಿಂಗಳು, ಅಂದರೆ ಆಗಸ್ಟ್-ಸೆಪ್ಟೆಂಬರ್ ನಡುವಿನದು, ಮುಗಿಯುತ್ತ ಬಂದಿತ್ತು. ಮಳೆ ಬಂದು ಬಂದು ನಿಲ್ಲುತ್ತಿತ್ತು. ನಿಂತಾಗ ಪೂರ್ವಕ್ಕೆ ಘಟ್ಟದ ಸಾಲು ತೊಳೆದಿಟ್ಟಂತೆ ಕಾಣುತ್ತಿತ್ತು. ಐದನೇ ದಿನ ಬೆಳಿಗ್ಗೆ ನಾನು ಒಂದು ಬಿದಿರಿನ ಕೋಲಿಗೆ ಇದ್ದಿಲಿನಿಂದ ಗೀಟು ಹಾಕಿ, ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆಯ ಒಳಮಗ್ಗುಲಿನ ನೀರಿಗೆ ಸಿಕ್ಕಿಸಿದೆ. ಅಭ್ಯಾಸಬಲ. ಎಂಟು ಗಂಟೆಗೆ ಮೂರೇ ಗೀಟು ಮುಳುಗಿದ್ದವು. ಮಧ್ಯಾಹ್ನ ಎರಡಕ್ಕೆ ನೋಡಿದರೆ ಹನ್ನೊಂದು. ಕತ್ತಲಾಗುವಾಗ ಮತ್ತೆ ಮೂರರ ಹತ್ತಿರ. ಕಡಲು ಏರಿಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ನನ್ನ ಕಾಲುವೆಯಲ್ಲಿ ನೀರು ನಾಲ್ಕು ಬೆರಳು ಏರಬೇಕಾದರೆ ಎಲ್ಲೋ ಒಬ್ಬರು ಗೇಟು ಎತ್ತಬೇಕು, ಅದಕ್ಕೊಂದು ಆದೇಶ ಬೇಕು, ಆದೇಶಕ್ಕೊಂದು ಸಹಿ. ಇಲ್ಲಿ ಬಂದು ಸೇರುವ ಐದು ನದಿಗಳ ಬಾಯಿ ಒಟ್ಟಿಗೇ ತುಂಬಿ ಹಿಂದಕ್ಕೆ ಹರಿಯುತ್ತಿತ್ತು, ತೇಲಿ ಹೋಗಿದ್ದ ತೆಂಗಿನಗರಿ ಕಡಲಿನಿಂದ ಊರ ಕಡೆಗೆ ಮರಳಿ ಬರುತ್ತಿತ್ತು, ಯಾರೂ ಏನೂ ಮಾಡಿರಲಿಲ್ಲ. ನಾನು ಕೋಲಿನ ಪಕ್ಕ ಕುಳಿತು ಒಂದು ಗೀಟು ಮುಳುಗುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಮುತ್ತಕ್ಕ ಹಿಂದಿನಿಂದ ಬಂದು, ‘ಕಡ್ಲನ್ನ ಅಳ್ತೆ ಮಾಡುಕೆ ಬಂದದ್ದಾ ಹೆಣ್ಣೆ?’ ಎಂದರು. ಆಮೇಲೆ ಬಂದರಿನವರೆಲ್ಲ ನನ್ನನ್ನು ಕೋಲಿನ ಹೆಣ್ಣು ಎನ್ನತೊಡಗಿದರು.

ನದಿ ಕಡಲು ಸೇರುವ ಆ ಬಾಯಿಗೆ ಅಳಿವೆ ಎನ್ನುತ್ತಾರೆ. ಮಳೆಗಾಲದ ಹೊಳೆಗಳು ತಂದ ಮರಳು ಅಲ್ಲಿ ನೀರಿನಡಿಯಲ್ಲಿ ಅಡ್ಡಕ್ಕೆ ದಿಬ್ಬ ಕಟ್ಟಿರುತ್ತದೆ. ದೂರದಿಂದ ಸುಮ್ಮನೆ ಬರುತ್ತಿದ್ದ ಅಲೆ ದಿಬ್ಬಕ್ಕೆ ಕಾಲು ತಾಗಿದೊಡನೆ ಎದ್ದು ನಿಂತು ಮುರಿಯುತ್ತದೆ. ಇಳಿತದ ಹೊತ್ತಿನಲ್ಲಂತೂ ನದಿ ಹೊರಕ್ಕೆ ನೂಕುತ್ತದೆ, ಕಡಲು ಒಳಕ್ಕೆ ನೂಕುತ್ತದೆ, ನಡುವೆ ನೀರು ಗೋಡೆಯಾಗುತ್ತದೆ. ನಮ್ಮ ಡೇರೆಯ ಕಡೆಯಿಂದ ಹೋಗುತ್ತಿದ್ದವು ಹನ್ನೊಂದು ನಾಡದೋಣಿಗಳು. ಒಂದೊಂದರಲ್ಲೂ ನಾಲ್ಕೈದು ಜನ, ಹಿಂಬದಿಗೆ ಕಟ್ಟಿದ ಒಂದು ಎಂಜಿನ್ನು. ಬೆಳಕು ಹರಿಯುವ ಮುಂಚೆ ಹೋದವು ಮಧ್ಯಾಹ್ನದ ಮೇಲೆ ಬರುತ್ತಿದ್ದವು. ಆಗ ಮುತ್ತಕ್ಕ ತಡೆಗೋಡೆಯ ತುದಿಯ ಕಲ್ಲಿನ ಮೇಲೆ ಆ ಕಪ್ಪು ಕೊಡೆ ಹಿಡಿದು ನಿಲ್ಲುವರು. ಕೊಡೆ ಬಿಚ್ಚಿದ್ದರೆ ಹೊರಗೇ ನಿಲ್ಲಿ ಎಂದು. ಮುಚ್ಚಿದರೆ ಬನ್ನಿ ಎಂದು. ದೋಣಿಯಲ್ಲಿದ್ದವರಿಗೆ ತಮ್ಮ ಬೆನ್ನ ಹಿಂದಿನ ಅಲೆ ಕಾಣುವುದಿಲ್ಲ, ದಡದ ಕಲ್ಲಿನ ಮೇಲಿದ್ದವರಿಗೆ ಕಾಣುತ್ತದೆ. ಅವರ ಅತ್ತೆ ಬಿಳಿ ಬಟ್ಟೆ ಬೀಸುತ್ತಿದ್ದರಂತೆ. ಬಟ್ಟೆ ಗಾಳಿಗೆ ತಾನೇ ಬೀಸುತ್ತದೆ ಎಂದು ಇವರು ಕೊಡೆ ಹಿಡಿದರು.

ನಾನು ಅಲೆಗಳನ್ನೂ ಎಣಿಸಿದೆ. ಗಂಟೆಗೆ ಮುನ್ನೂರ ಎಪ್ಪತ್ತರ ಆಸುಪಾಸು. ದೊಡ್ಡವು ಹೆಚ್ಚಾಗಿ ಮೂರು ಮೂರಾಗಿ ಬರುತ್ತವೆ, ನಡುವೆ ಒಂಬತ್ತರಿಂದ ಹದಿನಾಲ್ಕು ಸಣ್ಣವು. ಸರಿಯೇ ಎಂದು ಮುತ್ತಕ್ಕನನ್ನು ಕೇಳಿದೆ. ‘ಕಡ್ಲ್ ನಿನ್ನ್ ಪುಸ್ತಕ ಓದುದಿಲ್ಲೆ ಹೆಣ್ಣೆ,’ ಎಂದು ನಕ್ಕರು. ಅವರು ಎಣಿಸುತ್ತಿರಲಿಲ್ಲ. ಬಹಳ ಆಚೆ, ನನಗೆ ಒಂದೇ ಬಣ್ಣವಾಗಿ ಕಾಣುವ ನೀರಿನಲ್ಲಿ, ಒಂದು ಕಡೆ ಕಪ್ಪಾಗುವುದನ್ನು ನೋಡುತ್ತಿದ್ದರು. ತೋರಿಸಿದರೂ ನನಗೆ ಕಾಣಲಿಲ್ಲ. ಅವರು ಕೊಡೆ ಮುಚ್ಚಿದಾಗಲೆಲ್ಲ ಅಳಿವೆ ಒಂದು ಗಳಿಗೆ ತಣ್ಣಗಾಗುತ್ತಿತ್ತು, ದೋಣಿ ನುಗ್ಗಿ ಬರುತ್ತಿತ್ತು. ಮೂರು ದಿನದಲ್ಲಿ ಮೂವತ್ತು ಸಲಕ್ಕೂ ಹೆಚ್ಚು ನೋಡಿದೆ. ಒಂದು ಸಲವೂ ತಪ್ಪಲಿಲ್ಲ. ಪ್ರತಿ ದೋಣಿ ಒಳಗೆ ಬಂದಾಗ ಕಲ್ಲಿನ ಮೇಲಿದ್ದ ಹೆಂಗಸರು ಏನೋ ಕೂಗುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಅದೇನೆಂದು ನಾನು ಗಮನಿಸಲಿಲ್ಲ. ಕೂಗು ಕೇಳಿದೊಡನೆ ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

ಕೊನೆಗೆ ಬರುತ್ತಿದ್ದುದು ಸಾಮಾನ್ಯವಾಗಿ ಮುತ್ತಕ್ಕನ ಮಗ ಚಂದ್ರಣ್ಣನ ದೋಣಿ. ಅವನೇ ಅದರ ತಾಂಡೇಲ, ಚುಕ್ಕಾಣಿ ಹಿಡಿಯುವವನು. ಮಲ್ಲಣ್ಣನಿಗೂ ಅವನಿಗೂ ಮೊದಲ ದಿನವೇ ಹೊಂದಿಕೊಂಡಿತ್ತು. ಇಬ್ಬರೂ ಎಂಜಿನ್ನಿನ ಜನ. ಘಟ್ಟದ ತಿರುವಿನಲ್ಲಿ ಲಾರಿ ಎದುರಾಗಿ ಗಾಡಿಯನ್ನು ಹಿಂದಕ್ಕೆ ತೆಗೆದ ಕತೆಯನ್ನು ಮಲ್ಲಣ್ಣ ಸ್ವಲ್ಪ ಹೆಚ್ಚಿಗೆ ಸೇರಿಸಿಯೇ ಹೇಳಿದ. ಚಂದ್ರಣ್ಣ ಕೇಳಿ, ‘ನಿಮ್ಗ್ ರಿವರ್ಸ್ ಇತ್ತ್ ಅಣ್ಣ. ಅಳಿವೆಯೊಳ್ಗೆ ನಮ್ಗ್ ಇಲ್ಲೆ,’ ಎಂದ.

ಏಳನೇ ದಿನ, ಮಂಗಳವಾರ. ಡೈರಿಯಲ್ಲಿ ಹೀಗಿದೆ: ಮೋಡ, ಗಾಳಿ ನೈಋತ್ಯದಿಂದ, ಬೆಳಿಗ್ಗೆಗಿಂತ ಮಧ್ಯಾಹ್ನ ಜೋರು. ಮೂರು ಗಂಟೆಯೊಳಗೆ ಒಂಬತ್ತು ದೋಣಿ, ಒಂಬತ್ತು ಗೀಟು. ಅಷ್ಟರಲ್ಲಿ ಬಂದರಿನಲ್ಲಿ ಹರಾಜು ಶುರುವಾಯಿತೆಂದು ಸುದ್ದಿ ಬಂದು ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ಆ ಕಡೆ ಹೋದರು. ಮುತ್ತಕ್ಕ ಹೋಗಲೋ ಬೇಡವೋ ಎಂದು ಒಂದು ಕ್ಷಣ ನಿಂತರು. ಏರುನೀರು ಆಗಷ್ಟೇ ತುಂಬಿ ನಿಂತಿತ್ತು, ಆ ಹೊತ್ತಿನಲ್ಲಿ ಚಂದ್ರಣ್ಣನಿಗೆ ಕೊಡೆ ಬೇಕಾಗುವುದಿಲ್ಲ. ‘ನೀ ಹ್ಯಾಂಗೂ ಇಲ್ಲೇ ಕೂಕಂಡಿರ್ತೆ ಅಲ್ದಾ? ಅಂವ ಬಂದ್ರೆ ನಾ ಹರಾಜಿಗೆ ಹೋಯಿದೆ ಅಂದೇಳಿ ಹೇಳ್,’ ಎಂದು ಹೋದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವರು ನಿಲ್ಲುತ್ತಿದ್ದ ಕಲ್ಲಿನ ಮೇಲೆ ಹೋಗಿ ಕುಳಿತೆ.

ಮೂರು ನಲವತ್ತಕ್ಕೆ ಚಂದ್ರಣ್ಣನ ದೋಣಿ ಸಲೀಸಾಗಿ ಒಳಗೆ ಬಂತು. ಹತ್ತನೇ ಗೀಟು ಎಳೆದೆ. ಬಲೆ ಕಲ್ಲಿಗೆ ಸಿಕ್ಕಿ ತಡವಾಯಿತಂತೆ. ಐವರ ಮುಖದಲ್ಲೂ ಉಪ್ಪು ಬಿಳಿಯಾಗಿ ಕಟ್ಟಿತ್ತು. ಗೋಡೆಯ ಹತ್ತಿರ ಬಂದು ಎಂಜಿನ್ನು ತಗ್ಗಿಸಿ, ಅಮ್ಮ ಎಲ್ಲಿ ಎಂದು ಕೇಳಿದ. ಹೇಳಿದೆ. ಮುಂದಕ್ಕೆ ಹೋಗುವವನು, ದಿನವೂ ಕೇಳುವ ಮಾತಿರಬೇಕು, ‘ಎಲ್ಲ ಬಂದ್ವಾ?’ ಎಂದ.

ಡೈರಿ ತೊಡೆಯ ಮೇಲೇ ಇತ್ತು. ನಾನು ಗೀಟುಗಳನ್ನು ನೋಡಿ ಸ್ಪಷ್ಟವಾಗಿ ಹೇಳಿದೆ, ‘ಹನ್ನೊಂದು ಹೋಗಿದ್ದವು ಅಣ್ಣ. ಹತ್ತು ಬಂದವು. ಒಂದು ಕಡಿಮೆ.’

‘ಯಾವ್ದ್?’

ನನಗೆ ಗೊತ್ತಿರಲಿಲ್ಲ. ಮೂರು ದಿನ, ಒಂದೊಂದು ದೋಣಿಯೂ ಬರುವುದನ್ನು ಗಡಿಯಾರ ನೋಡಿ ಬರೆದಿದ್ದೇನೆ. ಯಾವುದರ ಹೆಸರನ್ನೂ ಬರೆದಿರಲಿಲ್ಲ. ಗೊತ್ತಿಲ್ಲ ಎಂದೆ. ಚಂದ್ರಣ್ಣ ನನ್ನ ಮುಖವನ್ನೂ ಡೈರಿಯನ್ನೂ ನೋಡಿದ. ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು ಅಮ್ಮನಿಗೆ ಹಚ್ಚಿದ. ಹರಾಜಿನ ಗದ್ದಲದಲ್ಲಿ ಅವರು ಎತ್ತಲಿಲ್ಲ. ಉಳಿದ ನಾಲ್ವರಲ್ಲಿ ಒಬ್ಬ ಮೀನಿನ ಬುಟ್ಟಿಗಳನ್ನು ದೋಣಿಯ ನಡುವಿಗೆ ಎಳೆದು ಭಾರ ಸರಿ ಮಾಡಿದ. ಅವರು ಏನು ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯುವಷ್ಟರಲ್ಲಿ ದೋಣಿಯ ಮೂತಿ ಕಡಲ ಕಡೆಗೆ ತಿರುಗಿಯಾಗಿತ್ತು.

ಮುತ್ತಕ್ಕ ಬಂದಾಗ ನಾಲ್ಕು ಗಂಟೆ. ಫೋನು ನೋಡಿಕೊಂಡು, ಕೊಡೆಯನ್ನು ಕೋಲಿನಂತೆ ಊರಿಕೊಂಡು ಮರಳಲ್ಲಿ ಓಡುತ್ತ ಬಂದರು. ಆದದ್ದನ್ನು ಹೇಳಿದೆ. ಅವರು ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ಒಂದೊಂದಾಗಿ ಮನಸ್ಸಿನಲ್ಲೇ ಹೆಸರು ಹೇಳಿಕೊಂಡರೆಂದು ಕಾಣುತ್ತದೆ. ಹತ್ತು ಎಣಿಸುವ ಹೊತ್ತೂ ಹಿಡಿಯಲಿಲ್ಲ.

‘ಜಲದುರ್ಗೆ,’ ಎಂದರು. ‘ಅದ್ ಮರವಂತೆಗೆ ಇತ್ತ್. ಗಾಳಿ ಹೀಂಗೆ ಬಂದ್ರೆ ಅವ್ರ್ ಅಲ್ಲಿಗೇ ಹೋಪುದ್, ಅದ್ರ್ ತಾಂಡೇಲನ ಹೆಂಡ್ತಿ ಮನಿ ಅಲ್ಲೇ.’

ಮರವಂತೆಗೆ ಫೋನು ಮಾಡಿದರು. ಜಲದುರ್ಗೆಯವರು ಆಗಲೇ ದಡ ಹತ್ತಿ ಚಾ ಕುಡಿಯುತ್ತಿದ್ದರು. ಚಂದ್ರಣ್ಣನ ಫೋನು ರಿಂಗಾಯಿತು, ರಿಂಗಾಯಿತು. ಹಲಗೆಯ ಕೆಳಗಿನ ಚೀಲದಲ್ಲಿ, ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಾರದು. ಬಂದರಿನಿಂದ ಜನ ಬಂದರು. ಇನ್ನೊಂದು ದೋಣಿ ಕಳಿಸಿ ಕರೆಸೋಣ ಎಂದು ಯಾರೋ ಅಂದರೆ ಮುತ್ತಕ್ಕ ಒಪ್ಪಲಿಲ್ಲ. ಒಂದು ಹೋಗಿದ್ದೇ ಸಾಕು ಎಂದರು. ನನ್ನನ್ನು ಬೈಯಲಿಲ್ಲ. ಕಡಲಿನಿಂದ ಕಣ್ಣು ತೆಗೆಯದೆ, ‘ನಂಬ್ರ್ ಯಾರಿಗ್ ಬೇಕ್? ಹೆಸ್ರ್ ಹೇಳ್ಕ್,’ ಎಂದರು. ಹೆಂಗಸರು ದಿನವೂ ಕೂಗುತ್ತಿದ್ದುದು ಒಳಗೆ ಬಂದ ದೋಣಿಯ ಹೆಸರನ್ನು ಎಂದು ನನಗೆ ಆಗ ತಿಳಿಯಿತು. ಹೆಸರು ಗೊತ್ತಾದರೆ ಯಾರ ಮನೆ, ಯಾವ ದಿಕ್ಕಿಗೆ ಬಲೆ ಬಿಟ್ಟವರು, ಗಾಳಿ ಬಂದರೆ ಎಲ್ಲಿ ಸೇರುವವರು, ಎಲ್ಲ ಗೊತ್ತಾಗುತ್ತದೆ. ಹನ್ನೊಂದರಲ್ಲಿ ಒಂದು ಎಂದರೆ ಏನೂ ಗೊತ್ತಾಗುವುದಿಲ್ಲ.

ಆದರೆ ನನಗೆ ಒಂದು ಗೊತ್ತಿತ್ತು, ಅದನ್ನು ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ನಾಲ್ಕೂವರೆಗೆ ಕೋಲು ನೋಡಿದಾಗ ನೀರು ಒಂಬತ್ತನೇ ಗೀಟಿಗೆ ಬಂದಿತ್ತು. ಐದಕ್ಕೆ ಏಳು. ಐದೂ ಇಪ್ಪತ್ತಕ್ಕೆ ಆರೂ ಇರಲಿಲ್ಲ. ನದಿ ತಿರುಗಿತ್ತು. ಮೂರು ನಲವತ್ತಕ್ಕೆ ಚಂದ್ರಣ್ಣ ದಾಟಿ ಬಂದದ್ದು ಬೇರೆ ಅಳಿವೆ, ಈಗ ಕಣ್ಣೆದುರು ಇದ್ದದ್ದು ಬೇರೆ. ದಿಬ್ಬದ ಉದ್ದಕ್ಕೂ ನೀರು ಎದ್ದು ನಿಲ್ಲುತ್ತಿತ್ತು. ನಿಂತ ಅಲೆಯ ಹೊಟ್ಟೆಯಲ್ಲಿ ಸಂಜೆಯ ಬೆಳಕು ಹಸಿರಾಗಿ ಹಾದು, ಮರುಗಳಿಗೆಗೆ ಎಲ್ಲ ಬಿಳಿಯಾಗಿ ಕುಸಿದು, ನಾವು ನಿಂತ ಕಲ್ಲು ನಡುಗುತ್ತಿತ್ತು. ಅಷ್ಟು ಹೆದರಿಕೆಯಲ್ಲೂ ಅದು ನನಗೆ ಚೆಲುವಾಗಿ ಕಂಡಿತೆಂದು ಬರೆಯಲು ನಾಚಿಕೆಯಾಗುತ್ತದೆ. ಹುಟ್ಟಿದಾಗಿನಿಂದ ನೀರೆಂದರೆ ಮಟ್ಟ ಎಂದುಕೊಂಡವಳು ನಾನು. ಅಲ್ಲಿ ಮಟ್ಟವೆಂಬುದೇ ಇರಲಿಲ್ಲ. ಮಲ್ಲಣ್ಣ ಮೆಲ್ಲಗೆ ಎಷ್ಟೈತಿ ಎಂದು ಕೇಳಿದ. ಕಡಿಮಿ ಐತಿ ಎಂದೆ.

ಐದೂವರೆ ದಾಟಿದ ಮೇಲೆ ಒಂದು ಚುಕ್ಕೆ ಕಂಡಿತು. ಹತ್ತಿರವಾಗಿ, ದಿಬ್ಬದ ಆಚೆ ನಿಂತಿತು. ಅಲೆಯ ಮೇಲೇರಿದಾಗ ಐದು ತಲೆಗಳು ಕಾಣುತ್ತಿದ್ದವು, ಇಳಿದಾಗ ಏನೂ ಇಲ್ಲ. ಮುತ್ತಕ್ಕ ತುದಿಯ ಕಲ್ಲಿಗೆ ಹೋಗಿ ಕೊಡೆ ಬಿಚ್ಚಿದರು. ಬಿಚ್ಚಿದೊಡನೆ ಗಾಳಿ ಅದನ್ನು ಹಿಂದುಮುಂದಾಗಿ ಮಗುಚಿತು. ಎಳೆದು ಸರಿಮಾಡಿದರೆ ಈ ಬಾರಿ ಕಡ್ಡಿಗಳೆಲ್ಲ ಒಟ್ಟಾಗಿ ಮುಚ್ಚಿಕೊಳ್ಳಲು ಹೋದವು. ಆಚೆ ದೋಣಿಯ ಮೂತಿ ಸ್ವಲ್ಪ ಈ ಕಡೆ ತಿರುಗಿದ್ದನ್ನು ನಾವೆಲ್ಲ ನೋಡಿದೆವು. ಅವರಿಗೆ ಕಾಣುವುದು ಕೊಡೆ ಮಾತ್ರ. ಅದು ಮುಚ್ಚಿದರೆ ಬರುತ್ತಾರೆ. ಮುಚ್ಚಿದ್ದು ಗಾಳಿಯೋ ಅಮ್ಮನೋ ಎಂದು ಅಷ್ಟು ದೂರಕ್ಕೆ ತಿಳಿಯುವುದಿಲ್ಲ.

ಮಲ್ಲಣ್ಣ ಹಿಂದಿನಿಂದ ಮುತ್ತಕ್ಕನ ಎರಡೂ ತೋಳು ಹಿಡಿದುಕೊಂಡ. ನಾನು ಕೊಡೆಯ ಕೆಳಗೆ ನುಗ್ಗಿ ಕಡ್ಡಿಗಳನ್ನು ಎರಡೂ ಕೈಯಿಂದ ಅಗಲಕ್ಕೆ ಒತ್ತಿ ಹಿಡಿದೆ. ಬಟ್ಟೆ ಮುಖಕ್ಕೆ ಬಡಿಯುತ್ತಿತ್ತು. ನನಗೆ ಕಡಲು ಕಾಣಲಿಲ್ಲ, ದೋಣಿ ಕಾಣಲಿಲ್ಲ. ಕಂಡದ್ದು ಮುತ್ತಕ್ಕನ ಪಾದ ಮತ್ತು ಕಲ್ಲಿನ ಸಂದಿಯ ನೊರೆ. ಅಲೆ ಮುರಿದ ಸದ್ದು ಮಾತ್ರ ಕೇಳುತ್ತಿತ್ತು. ಬೇಡವೆಂದರೂ ಎಣಿಸಿದೆ. ಮೂರು ದೊಡ್ಡವು ಹೋದವು. ಆಮೇಲೆ ಸಣ್ಣವು, ಹನ್ನೆರಡು, ಹದಿಮೂರು. ನನ್ನ ಲೆಕ್ಕದಲ್ಲಿ ಕಾಲ ಮೀರಿತ್ತು, ಮುತ್ತಕ್ಕ ಅಲುಗಲಿಲ್ಲ. ಹದಿನೇಳನೆಯದರ ಹಿಂದೆ ನಾಲ್ಕು ದೊಡ್ಡವು ಸಾಲಾಗಿ ಬಂದು ಮುರಿದವು. ಕೊಡೆಯೊಳಗೆ ಉಪ್ಪುನೀರು ಸುರಿಯಿತು. ನನ್ನ ಪುಸ್ತಕ ನಂಬಿದ್ದರೆ ಆ ನಾಲ್ಕರಲ್ಲಿ ಅವರಿರುತ್ತಿದ್ದರು.

‘ಬಿಡ್,’ ಎಂದರು ಮುತ್ತಕ್ಕ.

ಕೈ ಬಿಟ್ಟೆ. ಅವರು ಕೊಡೆ ಮುಚ್ಚಿ ತಲೆಯ ಮೇಲೆ ನೇರವಾಗಿ ಎತ್ತಿ ಹಿಡಿದರು. ಎಂಜಿನ್ನಿನ ಸದ್ದು ಒಮ್ಮೆಲೇ ಏರಿತು. ದೋಣಿ ದಿಬ್ಬದ ಮೇಲೆ ಬಂದಾಗ ಅದರ ಹಿಂದೆ ಒಂದು ಅಲೆ ಎದ್ದಿತ್ತು, ಬಹಳ ದೊಡ್ಡದೇನಲ್ಲ, ಆದರೆ ದೋಣಿಗಿಂತ ಎತ್ತರ. ಚಂದ್ರಣ್ಣ ಅದಕ್ಕೆ ಸಿಕ್ಕದಂತೆ, ಅದರಿಂದ ದೂರವೂ ಆಗದಂತೆ, ಅದರ ಮುಂದಿನ ಇಳಿಜಾರಿನಲ್ಲೇ ದೋಣಿಯನ್ನು ಇಟ್ಟುಕೊಂಡು ಬಂದ. ನಾಲ್ವರು ತಳದಲ್ಲಿ ಒಬ್ಬರನ್ನೊಬ್ಬರು ಹಿಡಿದು ಕುಳಿತಿದ್ದರು; ಅವನೊಬ್ಬನೇ ನಿಂತಿದ್ದ. ಒಂದು ಕಡೆ ದೋಣಿ ಓರೆಯಾಯಿತು. ಮಲ್ಲಣ್ಣ ನನ್ನ ಹೆಗಲನ್ನು ನೋಯುವಷ್ಟು ಹಿಡಿದ. ಮತ್ತೆ ನೇರವಾಯಿತು. ಅಲೆ ನಮ್ಮ ಕಲ್ಲಿಗೆ ಬಡಿದು ಒಡೆದಾಗ ದೋಣಿ ಗೋಡೆಯ ಒಳಗಿನ ನೀರಿನಲ್ಲಿ ಸುಮ್ಮನೆ ತೇಲುತ್ತಿತ್ತು.

ಹೆಂಗಸರೆಲ್ಲ ಇದ್ದರು, ಯಾರೂ ಕೂಗಲಿಲ್ಲ. ಮುತ್ತಕ್ಕ ನನ್ನ ಕಡೆಗೆ ತಿರುಗಿ, ‘ಕಳ್ಸಿದ್ದ್ ನೀನ್. ನೀನೇ ಕರಿ,’ ಎಂದರು. ಅವರ ದೋಣಿಯ ಹೆಸರೂ ನನಗೆ ಗೊತ್ತಿರಲಿಲ್ಲ. ಏನು ಹೆಸರು ಎಂದು ಕೇಳಬೇಕಾಯಿತು, ಅಷ್ಟು ಜನರ ಮುಂದೆ. ಯಾರೋ ಕಿಸಕ್ಕನೆ ನಕ್ಕರು. ‘ಸಿರಿಗಂಗೆ,’ ಎಂದರು ಮುತ್ತಕ್ಕ. ನಾನು ಕರೆದೆ. ಗಾಳಿಯಲ್ಲಿ ಅರ್ಧ ಹೆಸರಷ್ಟೇ ಕೇಳಿಸಿತು. ಮತ್ತೊಮ್ಮೆ ಕರೆದೆ. ಆಮೇಲೆ ಕುಳಿತು ಅತ್ತೆ.

ಮರುದಿನ ಹನ್ನೊಂದರ ಹೊತ್ತಿಗೆ ನಾವು ಡೇರೆ ಬಿಚ್ಚುತ್ತಿದ್ದಾಗ ಚಂದ್ರಣ್ಣ ಬಂದ; ಆ ದಿನ ಅವರು ನೀರು ಏರಲೆಂದು ಕಾದಿದ್ದರು. ಹರಾಜು ತಪ್ಪಿದ ಬಂಗುಡೆಯನ್ನು ಮುತ್ತಕ್ಕ ಉಪ್ಪು ಹಾಕಿ ಒಣಗಿಸಲು ಇಟ್ಟಿದ್ದರು. ಅದರಲ್ಲಿ ಒಂದಿಷ್ಟು ನಮಗೆಂದು ಕಟ್ಟಿ ತಂದಿದ್ದ. ನಾವು ಮೀನು ತಿನ್ನುವವರಲ್ಲ ಎಂದು ಹೇಳಲು ಮಲ್ಲಣ್ಣನಿಗೆ ಬಾಯಿ ಬರಲಿಲ್ಲ, ಎರಡೂ ಕೈಯಲ್ಲಿ ತೆಗೆದುಕೊಂಡ. ಹೊರಗೆ ಏನು ಮಾಡಿದಿರಿ ಎಂದು ಕೇಳಿದೆ. ತೆಂಕಣಕ್ಕೆ ಆಚೆ ದಡದ ಕೋಡಿ ಊರಿನ ನೇರದವರೆಗೂ ಹೋಗಿ, ಮತ್ತೆ ಬಡಗಣಕ್ಕೆ ಬಂದು, ನಡುನಡುವೆ ಎಂಜಿನ್ನು ನಿಲ್ಲಿಸಿ ಕಿವಿಗೊಟ್ಟು ಕೇಳಿದೆವು ಎಂದ. ಏನೂ ಕೇಳಲಿಲ್ಲವಂತೆ. ‘ಮೀನಿಗೆ ಹೋಪತಿಗೆ ಕಾಂಬು ಕಡ್ಲೇ ಬೇರೆ, ಜನ ಹುಡ್ಕುಕೆ ಹೋಪತಿಗೆ ಕಾಂಬು ಕಡ್ಲೇ ಬೇರೆ,’ ಎಂದ. ಹುಟ್ಟಿದಾಗಿನಿಂದ ನೋಡಿದ ನೀರು ಅಷ್ಟು ಅಗಲವಿದೆ ಎಂದು ಅವನಿಗೆ ಗೊತ್ತಿರಲಿಲ್ಲವಂತೆ.

ನನ್ನಿಂದ ತಪ್ಪಾಯಿತು ಎಂದೆ. ಯಾವ ದೋಣಿಯೆಂದೂ ಹೇಳದೆ ನಿಮ್ಮನ್ನು ಕಳಿಸಿದೆ ಎಂದೆ.

ಅವನಿಗೆ ಆಶ್ಚರ್ಯವಾದಂತೆ ಕಂಡಿತು. ‘ಒಂದ್ ಕಮ್ಮಿ ಅಂದ್ರೆ ಹುಡ್ಕುಕೆ ಹೋಯ್ಕ್ ಅಲ್ದಾ? ಯಾರ್ದ್ ಆರೂ ಆಯ್ಲಿ. ನಿಮ್ಮೂರಂಗೆ ಹೋಪುದಿಲ್ಯಾ?’

ಹೋಗ್ತೀವ್ರಿ, ಯಾಕಿಲ್ಲ ಎಂದ ಮಲ್ಲಣ್ಣ, ಮೀನಿನ ಗಂಟು ಹಿಡಿದುಕೊಂಡೇ. ಅವನು ಹೋಗುತ್ತಾನೆ, ನನಗೆ ಗೊತ್ತು. ನಾನು ಬಿಚ್ಚಿದ ಹಗ್ಗವನ್ನು ಸುತ್ತತೊಡಗಿದೆ. ಹಿಂದಿನ ಬೇಸಿಗೆ ಒಂದು ಬೆಳಿಗ್ಗೆ ನನ್ನ ತೂಬಿನ ಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಇತ್ತು, ಒತ್ತಟ್ಟಿಗೆ ಜೋಡಿಸಿಟ್ಟದ್ದು. ಸುತ್ತ ಯಾರೂ ಇರಲಿಲ್ಲ. ಮಧ್ಯಾಹ್ನವೂ ಇತ್ತು, ಸಂಜೆಯೂ ಇತ್ತು. ನಾನು ಮೂರು ಸಲವೂ ನೀರಿನ ಮಟ್ಟ ಬರೆದು, ಪಕ್ಕದಲ್ಲಿ ‘ಚಪ್ಪಲಿ, ಒಂದು ಜೊತೆ’ ಎಂದು ಸೇರಿಸಿ, ಯಾರಿಗೂ ಹೇಳದೆ, ನೀರಲ್ಲಿ ಹುಡುಕದೆ ಮನೆಗೆ ಹೋಗಿದ್ದೆ.

ಚಂದ್ರಣ್ಣ ಉತ್ತರಕ್ಕೆ ಕಾಯುತ್ತಿರಲಿಲ್ಲ. ನೀರು ಏರುತ್ತಿತ್ತು, ನಾಲ್ವರು ಆಗಲೇ ಸಿರಿಗಂಗೆಯ ಬದಿಗೆ ಹೆಗಲು ಕೊಟ್ಟು ನಿಂತಿದ್ದರು. ಅವನು ಹೋಗಿ ಐದನೆಯವನಾಗಿ ಸೇರಿಕೊಂಡ.